ಕೆಂಪು ಪೆನ್ಸಿಲ್ಲಿನ ಹನ್ನೊಂದು

ನಮ್ಮತ್ತೆಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದು ಮದುವೆಯಾದ ಮೊದಲ ಆರು ವರ್ಷ ನಾನು ಗಟ್ಟಿಯಾಗಿ ನಂಬಿದ್ದೆ. ಆಮೇಲೆ ಗೊತ್ತಾಯಿತು, ಅವರಿಗೆ ಆಗದಿದ್ದದ್ದು ನಾನಲ್ಲ, ನನ್ನ ಗಂಟಲು. ನಾನು ಹೈಸ್ಕೂಲಿನ ಡ್ರಿಲ್ ಟೀಚರು. ಮೈದಾನದ ಆ ತುದಿಯಲ್ಲಿ ಓಡುತ್ತಿರುವ ಮಕ್ಕಳನ್ನು ಈ ತುದಿಯಿಂದ ಕೂಗಿ ನಿಲ್ಲಿಸಬೇಕಾದವಳು. ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು. ಸಂಜೆ ಮನೆಗೆ ಬಂದಾಗ ಗಂಟಲನ್ನೂ ಚಪ್ಪಲಿಯ ಜೊತೆ ಬಾಗಿಲಾಚೆ ಬಿಟ್ಟು ಬರಲಾಗುತ್ತದೆಯೇ? ನಾನು ಬಚ್ಚಲುಮನೆಯಿಂದ "ನೀರು ಬಂತಾ?" ಎಂದರೆ ಪಕ್ಕದ ಮನೆಯವರು "ಬಂತು" ಅನ್ನುತ್ತಿದ್ದರು. ನಮ್ಮತ್ತೆ ಎರಡು ಕಿವಿಗೂ ಅಂಗೈ ಒತ್ತಿಕೊಂಡು, "ಮೆತ್ತಗೆ ಕಣೇ, ನಾನೇನು ಮೈದಾನದಲ್ಲಿದೀನಾ?" ಎಂದು ಮುಖ ಸಿಂಡರಿಸುತ್ತಿದ್ದರು.

ಅವರ ಕಿವಿಯೇನು ಸಾಮಾನ್ಯದ್ದಲ್ಲ. ಕೆಳಗೆ ಅಡುಗೆಮನೆಯಲ್ಲಿ ನಮ್ಮವರು ಬಿಸ್ಕತ್ತಿನ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದರೆ ಸಾಕು, ಮಹಡಿಯಿಂದ "ಡಾಕ್ಟ್ರು ಬೇಡ ಅಂದಿದಾರೆ" ಎಂದು ತಾಯಿಯ ದನಿ ಇಳಿದು ಬರುತ್ತಿತ್ತು. ಫ್ಯಾನು ಕೆಡುವುದು ಅವರಿಗೆ ಒಂದು ವಾರ ಮೊದಲೇ ಗೊತ್ತಾಗುತ್ತಿತ್ತು. ಮೊದಮೊದಲು ಇದರಿಂದ ನನಗೆ ರೇಗುತ್ತಿತ್ತು. ಮನೆಯಲ್ಲಿ ಒಂದು ಗುಟ್ಟು ಇಟ್ಟುಕೊಳ್ಳೋ ಹಾಗಿಲ್ಲ ಅಂದರೆ ಅದೆಂಥ ಸಂಸಾರ!

ಆ ಕಿವಿಯೇ ಅವರ ಕಸುಬಾಗಿತ್ತು. ಹದಿನೆಂಟಕ್ಕೆ ಅವರು ಗ್ರಾಮಫೋನ್ ರೆಕಾರ್ಡುಗಳನ್ನು ಅಚ್ಚು ಹಾಕುವ ಕಾರ್ಖಾನೆಗೆ ಸೇರಿದ್ದರು. ಅದು ಬಾಗಿಲು ಹಾಕುವವರೆಗೆ, ಹನ್ನೆರಡು ವರ್ಷ, ಅಲ್ಲಿ ಕೂತು ಕೇಳಿದರು. ಕೇಳುವುದೇ ಕೆಲಸ. ಕಿಟಕಿಯಿಲ್ಲದ ಒಂದು ಕೋಣೆ, ಗೋಡೆಗೆಲ್ಲ ಕಂಬಳಿಯಂಥ ಬಟ್ಟೆ, ಸಾಲಾಗಿ ಹನ್ನೆರಡು ಮೇಜು, ಹನ್ನೆರಡು ಹೆಂಗಸರು. ಒಬ್ಬೊಬ್ಬರಿಗೂ ಒಂದು ಪ್ಲೇಯರು, ಕಿವಿಗೆ ಹೆಡ್‌ಫೋನು, ಎಡಕ್ಕೆ ನೀಲಿ ಪೆನ್ಸಿಲ್ಲು, ಬಲಕ್ಕೆ ಕೆಂಪು ಪೆನ್ಸಿಲ್ಲು. ಐವತ್ತು ತಟ್ಟೆಗೆ ಒಂದರಂತೆ ಪರೀಕ್ಷೆಗೆ ಬರುತ್ತಿತ್ತು. ಅದರ ಮೇಲೆ ಹಾಡಿದವರ ಹೆಸರಿರುತ್ತಿರಲಿಲ್ಲ, ಬಿಳಿ ಕಾಗದದ ಮೇಲೆ ಒಂದು ನಂಬರು ಅಷ್ಟೆ. ಪ್ರತಿ ಬದಿಯಲ್ಲೂ ಮೊದಲಲ್ಲಿ ಅರ್ಧ ನಿಮಿಷ, ನಡುವೆ ಅರ್ಧ ನಿಮಿಷ, ಕೊನೆಯಲ್ಲಿ ಅರ್ಧ ನಿಮಿಷ ಕೇಳಬೇಕು. ಪೂರ್ತಿ ಕೇಳುತ್ತ ಕೂತರೆ ಮಾಲು ಲಾರಿ ಹತ್ತುವುದು ಯಾವಾಗ? ಸರಿಯಿದ್ದರೆ ನೀಲಿಯಲ್ಲಿ, ಕೆಟ್ಟಿದ್ದರೆ ಕೆಂಪಿನಲ್ಲಿ ತಮ್ಮ ಮೇಜಿನ ನಂಬರು ಬರೆಯಬೇಕು. ನಮ್ಮತ್ತೆಯ ನಂಬರು ಹನ್ನೊಂದು.

ಹಾಳು ತಟ್ಟೆಯನ್ನು ಹಿಡಿಯುವ ಉಪಾಯ ಅವರ ಬಲಗಾಲಿನ ಹೆಬ್ಬೆರಳಿನಲ್ಲಿತ್ತು. ದೊಡ್ಡ ರೆಕಾರ್ಡು ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ ಎರಡು ಸೆಕೆಂಡಿಗಿಂತ ಚೂರು ಕಮ್ಮಿ. ತಟ್ಟೆಯ ಮೇಲೆ ಗೀರಿದ್ದರೆ ಮುಳ್ಳು ಪ್ರತಿ ಸುತ್ತಿನಲ್ಲೂ ಅಲ್ಲಿ ಎಡವಿ 'ಟಿಕ್' ಅನ್ನುತ್ತದೆ. ಆ ಅಳತೆ ಹೆಬ್ಬೆರಳಿಗೆ ಹತ್ತಿಬಿಟ್ಟಿತ್ತು. ಟಿಕ್ ಸದ್ದು ಬೆರಳಿನ ಜೊತೆಗೇ ಬಿದ್ದರೆ ಗೀರು, ಇಲ್ಲದಿದ್ದರೆ ಅದು ಸಂಗೀತ. ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಪೇಪರು ಓದುವಾಗ, ಬಸ್ಸಿಗೆ ಕಾಯುವಾಗ ಆ ಹೆಬ್ಬೆರಳು ತನ್ನ ಪಾಡಿಗೆ ತಾನು ನೆಲ ಕುಟ್ಟುತ್ತಲೇ ಇತ್ತು.

ನಮ್ಮ ಹಾಲಿನ ಗೋಡೆಯ ಮೇಲೆ ಟೀವಿಯ ನೆತ್ತಿಗೆ ಸರಿಯಾಗಿ ಒಂದು ಪ್ರಶಸ್ತಿಪತ್ರ ತೂಗುತ್ತಿತ್ತು. 'ವರ್ಷದ ಅತ್ಯುತ್ತಮ ಪರೀಕ್ಷಕಿ.' ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರು ಒಂದೇ ಗೀರನ್ನು ಹತ್ತು ತಟ್ಟೆಗಳಲ್ಲಿ ಒಂದೇ ಜಾಗದಲ್ಲಿ ಹಿಡಿದಿದ್ದರಂತೆ. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಇದೆ ಅಂದರೆ ತಪ್ಪು ತಟ್ಟೆಯದ್ದಲ್ಲ, ಅಚ್ಚಿನದು. ಇಡೀ ಐನೂರು ತಟ್ಟೆ ಪುಡಿ ಮಾಡುವ ಯಂತ್ರಕ್ಕೆ ಹೋಯಿತು. ಹಾಳು ಮಾಲು ಪೇಟೆಗೆ ಹೋಗದಂತೆ ಕಂಪನಿಯ ಮಾನ ಉಳಿಸಿದಳೆಂದು ಮ್ಯಾನೇಜರು ಕೈ ಕುಲುಕಿ ಆ ಪತ್ರ ಕೊಟ್ಟರಂತೆ. ಮನೆಗೆ ಯಾರೇ ಬರಲಿ, ಲೋಟ ಕೈಗಿಡುವ ಮೊದಲೇ ನಮ್ಮತ್ತೆ ಈ ಕತೆ ಶುರು ಮಾಡುತ್ತಿದ್ದರು. ನನಗೆ ಅದು ಬಾಯಿಪಾಠ.

ಇಷ್ಟಾದರೂ ನಮ್ಮ ಮನೆಯಲ್ಲಿ ಒಂದೇ ಒಂದು ರೆಕಾರ್ಡು ಇರಲಿಲ್ಲ. "ನಾನು ಹಾಡು ಕೇಳ್ತಿರ್ಲಿಲ್ಲ ಕಣೇ, ತಪ್ಪು ಕೇಳ್ತಿದ್ದೆ" ಅನ್ನುತ್ತಿದ್ದರು.

ಹೋದ ವರ್ಷ ನಮ್ಮ ಶಾಲೆಯ ಉಗ್ರಾಣ ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಯಾವುದೇ ಭಾರ ಎತ್ತಬೇಕೆಂದರೆ ಎಲ್ಲರಿಗೂ ಡ್ರಿಲ್ ಟೀಚರ ನೆನಪಾಗುತ್ತದೆ. ಮುರಿದ ಬೆಂಚುಗಳ ಹಿಂದೆ ಹಳೆಯ ರೆಕಾರ್ಡ್ ಪ್ಲೇಯರೊಂದು, ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ನಲವತ್ತಮೂರು ರೆಕಾರ್ಡು. ಒಂದು ಕಾಲದಲ್ಲಿ ಕಾರ್ಖಾನೆಯವರು ಹಾಳಾದ ತಟ್ಟೆಗಳನ್ನೂ ಮಾರಾಟವಾಗದ ತಟ್ಟೆಗಳನ್ನೂ ಕರಕುಶಲದ ಕ್ಲಾಸಿಗೆಂದು ಕೊಡುತ್ತಿದ್ದರಂತೆ. ಬಿಸಿನೀರಿನಲ್ಲಿ ಮುಳುಗಿಸಿ ಅಂಚು ಬಗ್ಗಿಸಿದರೆ ಹೂಕುಂಡವಾಗುತ್ತಿತ್ತು. ಸೊಟ್ಟ ಹೂಕುಂಡವಾಗದೆ ಬದುಕಿ ಉಳಿದವು ಇವು. ಹೆಡ್‌ಮಾಸ್ಟರು "ಬಿಸಾಕಿ" ಅಂದರು. ಬಿಸಾಕಿ ಅಂದದ್ದನ್ನೆಲ್ಲ ಮನೆಗೆ ಹೊತ್ತು ತರುವ ಚಾಳಿ ನನಗೆ ಮೊದಲಿಂದಲೂ ಇದೆ.

ಪ್ಲೇಯರನ್ನು ನಮ್ಮ ಬೀದಿಯ ಗಡಿಯಾರ ರಿಪೇರಿಯವರು ಎರಡೇ ದಿನದಲ್ಲಿ ಸರಿ ಮಾಡಿದರು. ನಾನು ಡ್ರಿಲ್ಲಿಗೆ ಹೊಂದುವ ಒಂದೆರಡು ಹಾಡು ಆರಿಸಿಕೊಂಡು ಉಳಿದದ್ದನ್ನು ಗುಜರಿಗೆ ಹಾಕುವ ಲೆಕ್ಕಾಚಾರದಲ್ಲಿದ್ದೆ. ನಮ್ಮತ್ತೆ ಬಿಡಬೇಕಲ್ಲ! ಮೆತ್ತನೆ ಬಟ್ಟೆ ಹಿಡಿದು ಕೂತೇಬಿಟ್ಟರು. ದಿನಕ್ಕೊಂದು ರೆಕಾರ್ಡು. ಒರೆಸುವುದು, ಬೆಳಕಿಗೆ ಓರೆಯಾಗಿ ಹಿಡಿದು ನೋಡುವುದು, ಆಮೇಲೆ ಮುಳ್ಳು ಇಡುವುದು. ಮೊದಲೆರಡು ದಿನ ಹಳೆಯ ಅಭ್ಯಾಸದಂತೆ ಮೊದಲಷ್ಟು, ನಡುವಷ್ಟು, ಕೊನೆಯಷ್ಟು ಕೇಳಿ ಎತ್ತಿಟ್ಟರು. ಮೂರನೆಯ ದಿನ ಯಾರೋ ಹೆಸರು ಕೇಳದ ಮುದುಕನೊಬ್ಬ ಕೊಳಲು ನುಡಿಸುತ್ತಿದ್ದ. ಮುಳ್ಳು ಎತ್ತಲು ಹೋದ ಕೈ ಹಾಗೇ ನಿಂತಿತು. ಪೂರ್ತಿ ಕೇಳಿದರು. ಮುಗಿದ ಮೇಲೆ ತಿರುಗಿಸಿ ಹಾಕಿ ಆ ಬದಿಯನ್ನೂ ಕೇಳಿದರು.

"ಇಂಥದ್ದಕ್ಕೆಲ್ಲ ನಾನು ನೀಲಿ ಹಾಕಿ ಕಳಿಸಿದ್ದೆ ಕಣೇ. ಏನು ಕಳಿಸ್ತಿದೀನಿ ಅಂತಾನೇ ಗೊತ್ತಿರ್ಲಿಲ್ಲ ನಂಗೆ" ಅಂದರು. ಕಣ್ಣು ಒದ್ದೆಯಾಗಿತ್ತು. ನನ್ನ ಎದುರಿಗೆ ಅವರು ಹಾಗೆ ಕೂತದ್ದು ಅದೇ ಮೊದಲು. ನಾನು ಎದ್ದು ಹೋಗಿ ಕಾಫಿ ಮಾಡಿಕೊಟ್ಟೆ.

ಅಲ್ಲಿಂದ ಮನೆಯ ನಕ್ಷೆಯೇ ಬದಲಾಯಿತು. ಯಾರೂ ಕೊಳ್ಳದ, ಯಾರೂ ಕೇಳದ ಹಾಡುಗಳೆಲ್ಲ ನಮ್ಮ ಹಾಲಿಗೆ ಬಂದು ಕೂತವು. ಒಂದರಲ್ಲಿ ಅಕ್ಕ-ತಂಗಿ ಇಬ್ಬರು ಜಗಳವಾಡಿದ ಹಾಗೆ ಹಾಡುತ್ತಿದ್ದರು. ಅತ್ತೆ ಅದನ್ನು ನಾಲ್ಕು ಸಲ ಹಾಕಿಸಿಕೊಂಡು ಮನಸಾರೆ ನಕ್ಕರು. ನಾನೂ ಶಾಲೆಯಿಂದ ಬಂದವಳೇ "ಇವತ್ತು ಯಾವುದು?" ಎಂದು ಕೇಳತೊಡಗಿದೆ. ಅದನ್ನು ಮೆತ್ತಗೇ ಕೇಳುತ್ತಿದ್ದೆ.

ಮೂವತ್ತೊಂದನೆಯ ರೆಕಾರ್ಡಿಗೆ ಕವರಿರಲಿಲ್ಲ. ಬರೀ ಕಾಗದದ ಚೀಲ. ನಡುವೆ ಬಿಳಿ ಚೀಟಿ, ಒಂದು ನಂಬರು, ಅದರ ಕೆಳಗೆ ಕೆಂಪು ಪೆನ್ಸಿಲ್ಲಿನ ಹನ್ನೊಂದು.

"ಅಯ್ಯೋ, ನಂದೇ!" ಎಂದು ಅತ್ತೆ ಕುರ್ಚಿಯಿಂದ ಎದ್ದರು. ನಂಬರು ನೋಡಿದ್ದೇ ಮುಖ ಅರಳಿತು. ಅದು ಅವರಿಗೆ ಪ್ರಶಸ್ತಿ ತಂದ ತಟ್ಟೆಗಳಲ್ಲಿ ಒಂದು. ಐನೂರು ಪುಡಿಯಾದರೂ ಪರೀಕ್ಷೆಯ ಕೋಣೆಯಲ್ಲಿ ಉಳಿದದ್ದು ಹೇಗೋ ಶಾಲೆಯ ಪೆಟ್ಟಿಗೆ ಸೇರಿತ್ತು. "ಬಾ, ಕೂತ್ಕೋ. ನಲವತ್ತೊಂದು ವರ್ಷದ ಹಿಂದಿನ ಗೀರು ಕೇಳಿಸ್ತೀನಿ" ಎಂದು ಎರಡನೆಯ ಬದಿ ಹಾಕಿದರು.

ಹೆಣ್ಣುದನಿ. ಒರಟು, ತುಂಬು, ಯಾರಿಗೂ ಹೆದರದ ದನಿ. ಬದಿಯ ನಡುಭಾಗದ ಮೂರನೆಯ ಹಾಡು ಶುರುವಾಯಿತು. ಟಿಕ್. ಟಿಕ್. ಟಿಕ್. ಅತ್ತೆಯ ಹೆಬ್ಬೆರಳು ನೆಲ ಕುಟ್ಟುತ್ತಿತ್ತು, ಬೆರಳೂ ಟಿಕ್ಕೂ ಒಟ್ಟಿಗೇ ಬೀಳುತ್ತಿದ್ದವು. "ನೋಡ್ದ್ಯಾ?" ಎಂಬಂತೆ ನನ್ನ ಕಡೆ ಹುಬ್ಬು ಹಾರಿಸಿದರು. ನಾನೂ ಹೌದೌದು ಎಂದು ತಲೆಯಾಡಿಸಿದೆ.

ಹಾಡು ಮುಂದೆ ಹೋಯಿತು. ಮೂರನೆಯ ಚರಣದಲ್ಲಿ ಹಾಡುವವಳು ಯಾರನ್ನೋ ಕಳಿಸಿಕೊಡುತ್ತಿದ್ದಳು. ದನಿ ಭಾರವಾಯಿತು, ಹಾಡು ನಿಧಾನವಾಯಿತು. ಅತ್ತೆಯ ಹೆಬ್ಬೆರಳು ನೆಲಕ್ಕೆ ಬಿತ್ತು. ಟಿಕ್ ಬರಲಿಲ್ಲ. ಅರೆಗಳಿಗೆ ಬಿಟ್ಟು ಬಂತು. ಬೆರಳು ಮತ್ತೆ ಬಿತ್ತು, ಟಿಕ್ ಇನ್ನೂ ಹಿಂದೆ ಉಳಿಯಿತು. ಚರಣ ಮುಗಿದು ಹಾಡು ಮೊದಲಿನ ನಡಿಗೆಗೆ ಬಂದಾಗ ಟಿಕ್ಕೂ ಮೊದಲಿನ ಹಾಗೇ ಆಯಿತು.

ಅತ್ತೆ ತಟಕ್ಕನೆ ಮುಳ್ಳು ಎತ್ತಿದರು. "ನಿನ್ನ ವಾಚು ತಾ" ಅಂದರು.

ಸ್ಟಾಪ್‌ವಾಚು ತಂದೆ. ಮೊದಲ ಚರಣದಲ್ಲಿ ಹತ್ತು ಟಿಕ್ಕಿಗೆ ಸರಿಯಾಗಿ ಹದಿನೆಂಟು ಸೆಕೆಂಡು. ಮೂರನೆಯದರಲ್ಲಿ ಹತ್ತಕ್ಕೆ ಇಪ್ಪತ್ತೊಂದು. ಎರಡನೆಯ ಸಲ ಅಳೆದೆ, ಮೂರನೆಯ ಸಲವೂ ಅಳೆದೆ. ಅದೇ.

"ತಟ್ಟೆ ಒಂದೇ ವೇಗದಲ್ಲಿ ತಿರುಗುತ್ತೆ. ಗೀರು ನಿಧಾನ ಆಗಲ್ಲ ಕಣೇ" ಎಂದರು ಅತ್ತೆ. "ದುಃಖದ ಸಾಲು ಬಂತು ಅಂತ ಗೀರು ತಡೆದು ನಿಲ್ಲುತ್ತಾ? ಇದು ಯಾರೋ ಕೈಯಾರೆ ಹಾಕಿದ ತಾಳ. ನಾನು ಅರ್ಧ ನಿಮಿಷ ಕೇಳಿ ಕೆಂಪು ಹಾಕ್ಬಿಟ್ಟೆ."

ಎದ್ದು ಹೋಗಿ ಗೋಡೆಯ ಮೇಲಿನ ಪ್ರಶಸ್ತಿಪತ್ರ ಇಳಿಸಿ, ಮುಖ ಕೆಳಗೆ ಮಾಡಿ ಬೀರುವಿನಲ್ಲಿಟ್ಟರು. ಮೊಳೆ ಮಾತ್ರ ಗೋಡೆಯಲ್ಲಿ ಉಳಿಯಿತು. ಸುಳ್ಳೇಕೆ, ಆ ಕತೆ ಇನ್ನು ಕೇಳಬೇಕಾಗಿಲ್ಲ ಎಂದು ನನಗೆ ಒಂದು ಕ್ಷಣ ಖುಷಿಯೂ ಆಯಿತು. ಆದರೆ ಎರಡು ದಿನ ಅವರು ಪ್ಲೇಯರು ಮುಟ್ಟಲಿಲ್ಲ, ಊಟಕ್ಕೆ ಕೂತರೂ ಕೈ ತಟ್ಟೆಯಲ್ಲೇ ಉಳಿಯುತ್ತಿತ್ತು. "ಆ ಹಾಡಿದವಳನ್ನ ಹುಡುಕ್ಬೇಕು" ಅಂದರು ಮೂರನೆಯ ದಿನ. "ಹುಡುಕಿ ಏನ್ಮಾಡ್ತೀರಾ ಅತ್ತೆ?" ಅಂದೆ. "ನಾನೇ ಹಾಳು ಮಾಡ್ದೆ ಅಂತ ಹೇಳ್ತೀನಿ. ಬೈದ್ರೆ ಬೈಸ್ಕೋತೀನಿ. ಆಮೇಲೆ ಇದನ್ನ ಸರಿ ಮಾಡ್ತೀನಿ."

ಹುಡುಕಲು ಬಿಳಿ ಚೀಟಿಯ ನಂಬರು ಬಿಟ್ಟರೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಗಡಿಯಾರ ರಿಪೇರಿಯವರ ಹತ್ತಿರ ಓಡಿದೆವು. ಅವರ ಅಂಗಡಿಯ ಮಹಡಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನ ಸೇರಿ, ಯಾರೂ ಕೇಳದ ಹಳೆಯ ರೆಕಾರ್ಡು ಕೇಳುತ್ತಾರೆ. ಬಹಳ ಚೆನ್ನಾಗಿದ್ದು ಮರೆತುಹೋದದ್ದನ್ನು ಮತ್ತೆ ಅಚ್ಚು ಹಾಕಿಸುವುದೂ ಉಂಟು. ನಮ್ಮ ತಟ್ಟೆ ಹಾಕಿದಾಗ ಅವರಲ್ಲೊಬ್ಬ, "ಗೀರಿದೆ, ಅದಕ್ಕೇ ಕೆಂಪು ಹಾಕಿದಾರೆ" ಎಂದು ಮೂಗು ಮುರಿದ. ಅತ್ತೆ, "ಕೆಂಪು ಹಾಕಿದೋಳೇ ಹೇಳ್ತಿದೀನಿ, ಗೀರಲ್ಲ, ಬಾಯ್ಮುಚ್ಚಿ ಮೂರನೇ ಚರಣ ಕೇಳಪ್ಪ" ಅಂದರು. ಅವನು ಕೇಳಿದ. ಕೇಳಿ, ಕೈ ಮುಗಿದ.

ಗಡಿಯಾರದವರು ಆ ವರ್ಷದ ಕಂಪನಿಯ ಪಟ್ಟಿ ತೆಗೆದು ನಂಬರು ಹುಡುಕಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. 'ಕಂಡಕ್ಟರಮ್ಮನ ಹಾಡುಗಳು.' ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಬಿಡುಗಡೆಯಾಗಿಲ್ಲ'.

ನನಗೆ ತಟ್ಟನೆ ಹೊಳೆಯಿತು. "ಅತ್ತೆ! ಅದು ಟಿಕೆಟ್ ಪಂಚು!" ಎಂದು ಕಿರುಚಿದೆ. ಮಹಡಿಯ ಕಿಟಕಿ ಗಾಜು ನಡುಗಿತು. ಟಿಕೆಟಿಗೆ ತೂತು ಹಾಕುತ್ತಿದ್ದರಲ್ಲ, ಆ ಪಂಚು. ಬಸ್ಸಿನ ಕಂಬಿಗೆ ತಾಗಿಸಿ ಟಿಕ್ ಟಿಕ್ ಅನ್ನಿಸುತ್ತಿದ್ದರಲ್ಲ, ಅದೇ. ಅವಳು ತಾಳವನ್ನು ತನ್ನ ಪಂಚಿನಲ್ಲೇ ಹಾಕಿದ್ದಳು.

ಆಮೇಲಿನದು ಸುಲಭ. ಬಸ್ ಡಿಪೋದ ನಿವೃತ್ತರ ಸಂಘದಲ್ಲಿ "ಹಾಡೋ ಕಂಡಕ್ಟರಮ್ಮ" ಎಂದದ್ದೇ ತಡ, ಮೂವರು ಮುದುಕರು ಒಟ್ಟಿಗೇ "ಓ, ಟಿಕ್ಕಮ್ಮ!" ಅಂದರು. ಆಕೆ ಎರಡು ಬಸ್ಸು ಬದಲಿಸಿದರೆ ಸಿಗುವ ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದರು.

ಬಸ್ಸಿನಲ್ಲಿ ನಮ್ಮತ್ತೆಯ ಹೆಬ್ಬೆರಳು ಸುಮ್ಮನಿತ್ತು.

ಬಾಗಿಲು ತೆಗೆದದ್ದು ಆಕೆಯೇ. ಅರವತ್ತೇಳರ ದಪ್ಪನೆ ಹೆಂಗಸು. ನಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಒಳಗೆ ಬನ್ನಿ, ಬಾಗ್ಲಲ್ಲಿ ನಿಲ್ಬೇಡಿ" ಅಂದರು. ಕೂರಿಸಿದರು. ಅತ್ತೆ ನೀರನ್ನೂ ಮುಟ್ಟದೆ ನೇರವಾಗಿ ಹೇಳಿದರು, "ಅಕ್ಕ, ನಿಮ್ಮ ರೆಕಾರ್ಡಿಗೆ ಕೆಂಪು ಹಾಕಿ ಪುಡಿ ಮಾಡ್ಸಿದ್ದು ನಾನು." ಆಮೇಲೆ ಎಲ್ಲವನ್ನೂ ಹೇಳಿದರು. ಕೋಣೆ, ಅರ್ಧ ನಿಮಿಷದ ನಿಯಮ, ಹತ್ತು ತಟ್ಟೆ, ಪ್ರಶಸ್ತಿ. ಒಂದನ್ನೂ ಮುಚ್ಚಿಡಲಿಲ್ಲ.

ಟಿಕ್ಕಮ್ಮನ ಮುಖ ಬಿಗಿಯಿತು. "ನಂಗೆ ಕಂಪನಿಯೋರು ಹೇಳಿದ್ದೇ ಬೇರೆ" ಅಂದರು. "ನಿನಗೆ ತಾಳ ಬರಲ್ಲ, ಕೈ ಒಂದು ಕಡೆ ನಿಲ್ಲಲ್ಲ, ಅದಕ್ಕೇ ರೆಕಾರ್ಡು ಹಾಳಾಯ್ತು ಅಂದ್ರು. ಡಿಪೋದಲ್ಲೆಲ್ಲ ಹೇಳ್ಕೊಂಡು ಮೆರೆದಿದ್ದೆ ನಾನು, ರೆಕಾರ್ಡು ಬರುತ್ತೆ ಅಂತ. ಮುಖ ಎತ್ಕೊಂಡು ಓಡಾಡೋಕಾಗ್ಲಿಲ್ಲ. ಆವತ್ತಿಂದ ಹಾಡಿಲ್ಲ. ಮೊಮ್ಮಗಳನ್ನ ಮಲಗಿಸೋಕೂ ಹಾಡಿಲ್ಲ."

ಹೊಸ ಅಚ್ಚು ಮಾಡಿಸುವ ತಾಪತ್ರಯಕ್ಕಿಂತ ಒಬ್ಬ ಕಂಡಕ್ಟರಮ್ಮನ ಮೇಲೆ ಗೂಬೆ ಕೂರಿಸುವುದು ಆ ಮಹಾಶಯರಿಗೆ ಸುಲಭವಾಗಿತ್ತು. ನನಗೆ ಪಿತ್ತ ನೆತ್ತಿಗೇರಿತು. ನಮ್ಮತ್ತೆ ತಲೆ ತಗ್ಗಿಸಿ ಕೂತಿದ್ದರು. ನಾನು ತಡೆಯಲಾರದೆ ಬಾಯಿ ಹಾಕಿದೆ.

"ಅಮ್ಮಾ, ತಾಳ ಬರಲ್ಲ ಅಂದೋನಿಗೆ ತಲೆ ಇರ್ಲಿಲ್ಲ. ನಿಮ್ಮ ಕೈ ಕೂದಲೆಳೆಯಷ್ಟು ತಪ್ಪಿದ್ರೂ ನಮ್ಮತ್ತೆಗೆ ಆವತ್ತೇ ಗೊತ್ತಾಗೋದು ಇದು ಗೀರಲ್ಲ, ಮನುಷ್ಯರ ಕೈ ಅಂತ. ನೀಲಿ ಹಾಕಿ ಕಳಿಸೋರು. ನೀವು ತಪ್ಪಲೇ ಇಲ್ಲ. ಹತ್ತು ಟಿಕ್ಕಿಗೆ ಹದಿನೆಂಟು ಸೆಕೆಂಡು, ನಾನೇ ಅಳೆದಿದೀನಿ. ಯಂತ್ರದಷ್ಟು ಸರಿಯಾಗಿತ್ತು, ಅದಕ್ಕೇ ಇವ್ರು ಮೋಸಹೋದ್ರು!"

ಟಿಕ್ಕಮ್ಮ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು.

"ಹನ್ನೆರಡು ಜನರಲ್ಲಿ ಒಳ್ಳೇ ಕಿವಿ ನಿಮ್ದೇನಾ?"

"ಹೌದಕ್ಕ" ಎಂದರು ಅತ್ತೆ, ತಗ್ಗಿಸಿದ ತಲೆ ಎತ್ತದೆ.

"ಅಂಥ ಕಿವಿಗೆ ನನ್ನ ಕೈ ಯಂತ್ರ ಅನ್ನಿಸ್ತಾ?"

"ಹೌದು."

ಟಿಕ್ಕಮ್ಮ ನಗಲು ಶುರು ಮಾಡಿದರು. ಮೊದಲು ಭುಜ ಕುಲುಕಿತು, ಆಮೇಲೆ ಇಡೀ ಮೈ. "ಲೇ, ಬಾರೇ ಇಲ್ಲಿ! ನಂಗೆ ತಾಳ ಬರುತ್ತಂತೆ ಕಣೇ!" ಎಂದು ಮಗಳನ್ನು ಕೂಗಿದರು. ಕಣ್ಣಲ್ಲಿ ನೀರು ಧಾರಾಕಾರ. ನನ್ನ ಗಂಟಲಿಗೆ ಸರಿಸಮವಾದ ಗಂಟಲು ಅದು, ನನಗೆ ತುಂಬ ಹಿಡಿಸಿತು. ಆಕೆ ಅತ್ತೆಯ ಎರಡೂ ಕೈ ಹಿಡಿದು, "ಬೈಬೇಕು ಅಂತಿದ್ದೆ ತಂಗಿ, ಬೈಯೋಕೆ ಬಾಯೇ ಬರ್ತಿಲ್ಲ. ಎಲ್ಲಿ, ನಂಗೆ ಕೇಳಿಸು. ನನ್ನ ರೆಕಾರ್ಡು ನಾನೇ ಕೇಳಿಲ್ಲ" ಅಂದರು.

ನಮ್ಮತ್ತೆ ಅದನ್ನು ಮನೆಯ ಹಾಲಿನಲ್ಲಿ ಕೇಳಿಸಲು ಒಪ್ಪಲಿಲ್ಲ. "ಡಿಪೋದೋರ ಮುಂದೆ ಮುಖ ತಗ್ಗಿಸಿದೀರ. ಅವರ ಮುಂದೇ ಕೇಳ್ಬೇಕು" ಅಂದರು. ನಾನು ಹೆಡ್‌ಮಾಸ್ಟರ ಹಿಂದೆ ಬಿದ್ದು ಶಾಲೆಯ ಸಭಾಂಗಣ ಕೇಳಿದೆ. ನಾನು ಕೇಳಿದ ಮೇಲೆ ಇಲ್ಲ ಅನ್ನುವಷ್ಟು ಧೈರ್ಯ ಆ ಮನುಷ್ಯರಿಗಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೂರಲು ಜಾಗವಿರಲಿಲ್ಲ. ಗಡಿಯಾರದವರ ಗುಂಪು, ಡಿಪೋದ ಹಳೆಯ ಡ್ರೈವರು ಕಂಡಕ್ಟರುಗಳು, ನಮ್ಮ ಟೀಚರುಗಳು, ನನ್ನ ದನಿಗೆ ಉತ್ತರ ಕೊಟ್ಟು ರೂಢಿಯಾದ ಪಕ್ಕದ ಮನೆಯವರು. ಟಿಕ್ಕಮ್ಮ ಕೈಚೀಲದಿಂದ ತಮ್ಮ ಹಳೆಯ ಪಂಚು ತೆಗೆದು ಮಡಿಲಲ್ಲಿಟ್ಟುಕೊಂಡರು. ಜನ್ಮದಲ್ಲಿ ಮೈಕು ಹಿಡಿಯದ ನಮ್ಮತ್ತೆ ಎದ್ದು ನಿಂತು, "ಇವರ ತಾಳ ತಪ್ಪಿರ್ಲಿಲ್ಲ. ತಪ್ಪಿದ್ದು ನನ್ನ ಕಿವಿ. ಎಲ್ರೂ ಕೇಳಿಸ್ಕೊಳ್ಳಿ" ಎಂದು ಮುಳ್ಳು ಇಟ್ಟರು.

ಮೂರನೆಯ ಹಾಡು ಬಂತು. ಟಿಕ್ಕಮ್ಮನ ಕೈಯಲ್ಲಿ ಪಂಚು ಎದ್ದಿತು. ರೆಕಾರ್ಡಿನೊಳಗೆ ಇಪ್ಪತ್ತಾರರ ಕೈ, ಹೊರಗೆ ಅರವತ್ತೇಳರ ಕೈ. ನನ್ನ ಬೆರಳು ಸ್ಟಾಪ್‌ವಾಚಿನ ಮೇಲಿತ್ತು. ಹತ್ತು ಟಿಕ್ಕು, ಹದಿನೆಂಟು ಸೆಕೆಂಡು. ಎರಡು ಸದ್ದು ಎಲ್ಲೂ ಕೇಳಲಿಲ್ಲ, ಒಂದೇ. ಮೂರನೆಯ ಚರಣಕ್ಕೆ ಎರಡೂ ಒಟ್ಟಿಗೆ ನಿಧಾನವಾದವು. ಆಗ ಟಿಕ್ಕಮ್ಮ ಬಾಯಿ ತೆರೆದು ಹಾಡಿದರು. ನಲವತ್ತೊಂದು ವರ್ಷ ಮುಚ್ಚಿದ್ದ ದನಿ ಮೊದಲ ಸಾಲಿಗೆ ತೊಡರಿತು, ಎರಡನೆಯ ಸಾಲಿಗೆ ಸಭಾಂಗಣ ತುಂಬಿತು. ಡಿಪೋದ ಮುದುಕರು ಎದ್ದು ನಿಂತು ಬೆಂಚು ಕುಟ್ಟಿದರು.

ಚಪ್ಪಾಳೆ ನಿಲ್ಲುವ ಮೊದಲೇ ಗಡಿಯಾರದವರು ವೇದಿಕೆ ಹತ್ತಿ ಹೊಸ ಅಚ್ಚು ಹಾಕಿಸುವುದಾಗಿ ಹೇಳಿದರು. ಈಗ ಅದು ಆಗಿಯೂ ಆಗಿದೆ, ನಮ್ಮ ಹಾಲಿನ ಆ ಮೊಳೆಗೆ ಅದರ ಕವರು ತೂಗುತ್ತಿದೆ, ಬಂದವರಿಗೆಲ್ಲ ಅತ್ತೆ ಹೊಸ ಕತೆ ಹೇಳುತ್ತಾರೆ. ಆದರೆ ಆವತ್ತು ವೇದಿಕೆಯ ಮೇಲೆ ಅವರು ತಟ್ಟೆಯನ್ನು ಪ್ಲೇಯರಿನಿಂದ ಎತ್ತಿ, ಸೆರಗಿಗೆ ಸಿಕ್ಕಿಸಿಕೊಂಡು ಬಂದಿದ್ದ ನೀಲಿ ಪೆನ್ಸಿಲ್ಲು ತೆಗೆದರು. ಬಿಳಿ ಚೀಟಿಯ ಕೆಂಪು ಹನ್ನೊಂದರ ಪಕ್ಕದಲ್ಲಿ ನಿಧಾನವಾಗಿ ನೀಲಿ ಹನ್ನೊಂದು ಬರೆದು ಟಿಕ್ಕಮ್ಮನ ಕೈಗಿಟ್ಟರು.

"ಇಷ್ಟು ಲೇಟಾಗಿ ಬಂದ ಬಸ್ಸು ನನ್ನ ಸರ್ವೀಸಲ್ಲೇ ನೋಡಿಲ್ಲ" ಎಂದರು ಟಿಕ್ಕಮ್ಮ, ತಟ್ಟೆಯನ್ನು ಎದೆಗೊತ್ತಿಕೊಂಡು.

ನನಗೆ ತಡೆಯಲಾಗಲಿಲ್ಲ. ಕೊರಳಿನ ಸೀಟಿ ಬಾಯಿಗಿಟ್ಟು ಉಸಿರಿದ್ದಷ್ಟೂ ಊದಿಬಿಟ್ಟೆ. ಊದಿದ ಮೇಲೆ ನೆನಪಾಯಿತು, ನಮ್ಮತ್ತೆ ನನ್ನಿಂದ ಎರಡೇ ಹೆಜ್ಜೆ ದೂರದಲ್ಲಿ ನಿಂತಿದ್ದರು. ಅವರು ನನ್ನತ್ತ ತಿರುಗಿದರು. ಕಿವಿಗೆ ಕೈ ಹೋಗಲಿಲ್ಲ.

"ಇನ್ನೊಂದ್ಸಲ ಊದೇ" ಅಂದರು. "ಜೋರಾಗಿ."